ತೋಳದ ಚರ್ಮದೊಳಗೊಬ್ಬ ಮನುಷ್ಯ

ಹುಣ್ಣಿಮೆ ಚಂದ್ರ ಮೇಲೇರುತ್ತಾನೆ. ನಾಯಕನ ಉಗುರು ಬೆಳೆಯುತ್ತವೆ, ಬೆನ್ನು ಬಾಗುತ್ತದೆ, ಮೈತುಂಬ ಕೂದಲು. ಆಮೇಲೆ ಒಂದು ಊಳು, ಒಂದು ಚೀರಾಟ. ತೋಳಮಾನವನ ಸಿನಿಮಾ ಎಂದರೆ ಇಷ್ಟೇ ತಾನೇ, ಇದಕ್ಕೆ ಎರಡು ಗಂಟೆ ಯಾಕೆ ದಂಡ ಮಾಡಬೇಕು? ಪರೀಕ್ಷೆ, ಇಂಟರ್‌ವ್ಯೂಗಳ ನಡುವೆ ಚೂರುಪಾರು ಬಿಡುವು ಸಿಗುವ ನಮ್ಮಂಥವರು ಹೀಗೆ ಕೇಳುವುದು ನ್ಯಾಯವೇ.

ದೆವ್ವದ ಸಿನಿಮಾದಲ್ಲಿ ಭಯ ಸಾಮಾನ್ಯವಾಗಿ ಹೊರಗಿನಿಂದ ಬರುತ್ತದೆ. ಬಾಗಿಲು ಹಾಕಿಕೊಂಡರೆ ಒಂದಿಷ್ಟು ಧೈರ್ಯ. ತೋಳಮಾನವನಿಗೆ ಆ ಅನುಕೂಲವಿಲ್ಲ. ಭಯ ಅವನೊಳಗೇ ಇದೆ. ರಾತ್ರಿ ತಾನು ಯಾರ ಮೇಲೆ ಎರಗುತ್ತೇನೋ, ಅದು ತನ್ನವರೇ ಆದರೆ ಏನು ಗತಿ ಎಂಬುದು ಅವನ ಸಂಕಟ.

1941ರ ‘ದಿ ವುಲ್ಫ್ ಮ್ಯಾನ್’ ನೋಡಿ. ಹುಡುಗಿಯೊಬ್ಬಳನ್ನು ಉಳಿಸಲು ಹೋಗಿ ಲ್ಯಾರಿ ತೋಳದಿಂದ ಕಚ್ಚಿಸಿಕೊಳ್ಳುತ್ತಾನೆ. ಮುಂದೆ ಬಲಿಯಾಗುವವರ ಅಂಗೈಯಲ್ಲಿ ಅವನಿಗೆ ನಕ್ಷತ್ರದ ಗುರುತು ಕಾಣುತ್ತದೆ. ಚಿತ್ರಕಥೆ ಬರೆದ ಕರ್ಟ್ ಸಿಯೋಡ್‌ಮಾಕ್ ನಾಜಿಗಳ ಕಾಲದಲ್ಲಿ ಜರ್ಮನಿ ತೊರೆದ ಯಹೂದಿ. ಅಲ್ಲಿ ಯಹೂದಿಗಳು ನಕ್ಷತ್ರದ ಗುರುತು ಧರಿಸಲೇಬೇಕು ಎಂಬ ಆಜ್ಞೆ ಹೊರಟದ್ದೂ ಅದೇ 1941ರಲ್ಲಿ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎನ್ನುತ್ತದೆ ನಮ್ಮ ಗಾದೆ. ಈ ಚಿತ್ರದಲ್ಲಿ ತೋಳವನ್ನು ಹೊಡೆದು ಕೊಲ್ಲುವವನು ಲ್ಯಾರಿಯ ಹೆತ್ತ ತಂದೆ. ಕೂದಲೆಲ್ಲ ಮರೆಯಾಗಿ ಮಗನ ಮುಖ ಕಂಡಾಗ ನಮಗೆ ಆಗುವುದು ಹೆದರಿಕೆಯಲ್ಲ, ದುಃಖ.

ನಲವತ್ತು ವರ್ಷಗಳ ನಂತರ, 1981ರಲ್ಲಿ ಬಂದದ್ದು ಜಾನ್ ಲ್ಯಾಂಡಿಸ್ ನಿರ್ದೇಶನದ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಇಂಗ್ಲೆಂಡ್ ಸುತ್ತಲು ಹೊರಟ ಇಬ್ಬರು ಗೆಳೆಯರ ಕಥೆ. ಅದರಲ್ಲಿ ನಗುವೂ ಉಂಟು, ನಡುಕವೂ ಉಂಟು. ಹುಡುಗ ತೋಳವಾಗುವ ದೃಶ್ಯದಲ್ಲಿ ಕತ್ತಲೆಯ ಮರೆಯಿಲ್ಲ, ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ದೀಪ ಉರಿಯುವ ಕೋಣೆಯಲ್ಲೇ ಎಲುಬು ಎಳೆದಂತೆ ಕಾಣುತ್ತದೆ. ಇದನ್ನು ಸಾಧಿಸಿದ ರಿಕ್ ಬೇಕರ್‌ಗೆ ಮೇಕಪ್ ವಿಭಾಗದ ಮೊತ್ತಮೊದಲ ಸ್ಪರ್ಧಾತ್ಮಕ ಆಸ್ಕರ್ ಸಿಕ್ಕಿತು.

2000ದ ಕೆನಡಾ ಚಿತ್ರ ‘ಜಿಂಜರ್ ಸ್ನ್ಯಾಪ್ಸ್’ನಲ್ಲಿ ತೋಳವಾಗುವುದು ಹದಿಹರೆಯದ ಅಕ್ಕ. ಮೈ ಬದಲಾಗುವ ವಯಸ್ಸಿನ ದಿಗಿಲೇ ಅಲ್ಲಿ ಕೋರೆಹಲ್ಲು. ದೂರವಾಗುತ್ತಿರುವ ಅಕ್ಕನನ್ನು ಉಳಿಸಿಕೊಳ್ಳಲು ತಂಗಿ ಪಡುವ ಪಾಡೇ ಕಥೆ.

ಹಾಗಂತ ಎಲ್ಲವೂ ನೋಡತಕ್ಕವಲ್ಲ. ಬರೀ ರಕ್ತ ಚೆಲ್ಲಿ ಕಥೆ ಮರೆತ ಚಿತ್ರಗಳು ರಾಶಿ ಇವೆ. ಗುರುತಿಸಲು ಸುಲಭ ದಾರಿಯೊಂದಿದೆ: ಬೆಳಗಾದ ಮೇಲೆ ಏನಾಗುತ್ತದೆ ಗಮನಿಸಿ. ಎಚ್ಚರಗೊಂಡವನು ರಾತ್ರಿ ತಾನೇನು ಮಾಡಿದೆ ಎಂದು ಒದ್ದಾಡಿದರೆ ಮುಂದೆ ನೋಡಿ. ಮುಂದಿನ ಹುಣ್ಣಿಮೆಗೆ ಕಾಯುವುದಷ್ಟೇ ಚಿತ್ರದ ಕೆಲಸವಾದರೆ ಆಫ್ ಮಾಡಿ ಮಲಗಿ.

ಸಿಟ್ಟು ನೆತ್ತಿಗೇರಿದಾಗ ಮನೆಯವರಿಗೆ ಅಂದ ಮಾತು ಮರುದಿನ ಬೆಳಿಗ್ಗೆ ಚುಚ್ಚುವುದು ಎಂಥದ್ದೆಂದು ಬಲ್ಲವರಿಗೆ ಈ ಕಥೆ ಹೊಸದಲ್ಲ. ಅದಕ್ಕೆ ಹುಣ್ಣಿಮೆಯೇ ಬೇಕೆಂದೂ ಇಲ್ಲ.