‘ಒಂದು ಟೀ ಕುಡಿದ್ರೆ ಏನಾಗುತ್ತೆ ಸಾವ್ಕಾರ್ರೆ?’: ವಾಕಿಂಗ್ ಶುರು ಮಾಡಿದವರು ‘ಬೇಡ’ ಅನ್ನೋದು ಹೇಗೆ?

ಯುಗಾದಿ ಕಳೆದ ಮೇಲೋ, ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದ ಮಾರನೇ ದಿನವೋ ತಾಲ್ಲೂಕು ಕ್ರೀಡಾಂಗಣದಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ಹೊಸ ಶೂ, ಹೊಸ ಉತ್ಸಾಹ. ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಹಲವರು ನಾಪತ್ತೆ. ಸೋಮಾರಿತನ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಬೆಳಗ್ಗೆ 7ಕ್ಕೆ ಶಟರ್ ಎತ್ತಿ ರಾತ್ರಿ 9ಕ್ಕೆ ಇಳಿಸುವವರನ್ನು ಸೋಮಾರಿ ಅನ್ನೋಕೆ ಆಗುತ್ತಾ?

ಅವರನ್ನು ತಡೆಯೋದು ಬೇರೆಯೇ. ‘ಒಂದು ನಿಮಿಷ ಅಂಗಡಿ ತೆಗೀರಿ, ಅರ್ಜೆಂಟ್’ ಅನ್ನುವ ಗಿರಾಕಿ. ‘ನಮ್ಮನೆ ಫಂಕ್ಷನ್ನಲ್ಲಿ ಹೋಳಿಗೆ ಬೇಡ ಅಂತೀರಾ?’ ಅನ್ನುವ ಬೀಗರು. ‘ಈ ವಯಸ್ಸಲ್ಲಿ ಏನ್ ಸಿಕ್ಸ್ ಪ್ಯಾಕಾ?’ ಅನ್ನುವ ಗೆಳೆಯ. ಇವರ್ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಿಗೆ ‘ಇಲ್ಲ’ ಅನ್ನೋದು ಸುಲಭ, ಪ್ರೀತಿಯಿಂದ ಕೇಳುವವರಿಗೆ ಅನ್ನೋದು ಹೇಗೆ?

ಇದು ಪಟ್ಟಣದವರ ಶೋಕಿ ಅಂತ ತಳ್ಳಿಹಾಕುವ ಕಾಲ ಮುಗಿದಿದೆ. ಐಸಿಎಂಆರ್ ನೆರವಿನಿಂದ ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಸಕ್ಕರೆ ಕಾಯಿಲೆ ಪಟ್ಟಣದಲ್ಲೇ ಹೆಚ್ಚು, ಆದರೆ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಹಳ್ಳಿಯಲ್ಲೂ ಪಟ್ಟಣದಲ್ಲೂ ಹೆಚ್ಚೂಕಡಿಮೆ ಒಂದೇ. ಅಂದರೆ ಸಂತೆಗೆ ಬರುವ ರೈತರು, ಗಲ್ಲಾದಲ್ಲಿ ಕೂತ ವರ್ತಕರು, ಇಬ್ಬರೂ ಆ ಲೆಕ್ಕದೊಳಗೇ ಇದ್ದಾರೆ.

ಬೇಡ ಅಂದಿದ್ದು ಟೀಗೆ, ಮಾತಿಗಲ್ಲ

ಮೊದಲು ಟೀ ವಿಷಯಕ್ಕೇ ಬರೋಣ. ಪೇಟೆ ಬೀದಿಯಲ್ಲಿ ಟೀ ಅಂದ್ರೆ ಬರೀ ಟೀ ಅಲ್ಲ. ಹೋಲ್‌ಸೇಲ್ ಏಜೆಂಟ್ ಬಂದ್ರೆ ಟೀ, ಹಳೇ ಬಾಕಿ ಕೊಡೋಕೆ ಬಂದವರಿಗೆ ಟೀ, ಪಕ್ಕದ ಅಂಗಡಿಯವರಿಗೆ ಬೇಜಾರಾದ್ರೆ ಟೀ.

ಲೆಕ್ಕ ಹಾಕಿ ನೋಡಿ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತೆ. ಕಪ್ಪಿಗೆ ಎರಡು ಚಮಚ ಅಂದುಕೊಂಡರೆ 8 ಗ್ರಾಂ. ದಿನಕ್ಕೆ ಆರು ಟೀ ಆದರೆ 48 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಸೇರಿಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಸ್ಕತ್ತು, ಪ್ರಸಾದ, ಸಂಜೆಯ ಜಿಲೇಬಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆರು ಟೀಯ ಸಕ್ಕರೆಯಲ್ಲೇ 190 ಕ್ಯಾಲೊರಿಗೂ ಹೆಚ್ಚಿದೆ. ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗೋದು ಸುಮಾರು 100ರಿಂದ 150. ಬೆಳಗ್ಗೆ ಗಳಿಸಿದ್ದನ್ನು ಸಂಜೆ ಬಡ್ಡಿ ಸಮೇತ ವಾಪಸ್ ಕೊಟ್ಟ ಹಾಗೆ.

ಬಹಳ ಜನ ಇಲ್ಲಿ ನೆಪ ಹೇಳ್ತಾರೆ. ‘ಇವತ್ತು ಹೊಟ್ಟೆ ಸರಿಯಿಲ್ಲ’ ಅಂದ್ರೆ ಎದುರಿನವರು ಶುಂಠಿ ಕಷಾಯದಿಂದ ಹಿಡಿದು ಹತ್ತು ಔಷಧಿ ಹೇಳ್ತಾರೆ. ನಾಳೆ ಮತ್ತೆ ಟೀ ಲೋಟ ಹಿಡಿದೇ ಬರ್ತಾರೆ. ನೆಪಕ್ಕೆ ಒಂದೇ ದಿನದ ಆಯಸ್ಸು. ನಿಯಮ ಹೇಳಿದರೆ ಹಾಗಲ್ಲ. ‘ದಿನಕ್ಕೆ ಎರಡೇ ಅಂತ ಇಟ್ಕೊಂಡಿದೀನಿ ಅಣ್ಣಾ, ಎರಡೂ ಆಯ್ತು. ನೀವು ಕುಡೀರಿ’ ಅಂದರೆ ಮುಗೀತು. ಇನ್ನೂ ಒಳ್ಳೇದು, ಬೆಳಗ್ಗೆಯೇ ಟೀ ತರುವವರಿಗೆ ಹೇಳಿಬಿಡೋದು: ಬಂದವರಿಗೆ ಎಷ್ಟಾದ್ರೂ ಕೊಡು, ನನಗೆ ಎರಡೇ, ಅದೂ ಸಕ್ಕರೆ ಕಮ್ಮಿ. ಆಗ ಬಂದವರೆದುರು ಪ್ರತಿ ಸಲ ವಾದ ಮಾಡೋ ತಾಪತ್ರಯ ಇರಲ್ಲ. ಅವರ ಕೈಯಲ್ಲಿ ಟೀ, ನಿಮ್ಮ ಕೈಯಲ್ಲಿ ನೀರೋ ಮಜ್ಜಿಗೆಯೋ. ಜೊತೆಗೆ ಕೂತು ಮಾತಾಡಿದ ಮೇಲೆ ಯಾರಿಗೂ ಅವಮಾನ ಅನಿಸಲ್ಲ. ಪೂರ್ತಿ ಬಿಡೋಕೆ ಆಗದಿದ್ರೆ ನಮ್ಮದೇ ‘ಬೈ ಟೂ’ ಇದೆಯಲ್ಲ. ಆರೂ ಬೈ ಟೂ ಆದರೆ 48 ಗ್ರಾಂ 24ಕ್ಕೆ ಇಳಿಯುತ್ತೆ.

ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈ ಹಿಡಿಯೋದು ನಮಗೆಲ್ಲ ಗೊತ್ತಿರುವ ವಿದ್ಯೆ. ಬಡಿಸುವವರು ಬೆರಳ ಸಂದಿಯಲ್ಲೂ ಬಡಿಸಿ ಹೋಗ್ತಾರೆ, ಅದು ಬೇರೆ ಮಾತು. ಶುರುವಿಗೇ ‘ಅರ್ಧ ಹಾಕಿ’ ಅಂತ ಕೇಳಿ ಹಾಕಿಸಿಕೊಂಡರೆ ಬಡಿಸಿದವರಿಗೂ ತೃಪ್ತಿ, ನಿಮಗೂ ನೆಮ್ಮದಿ.

ಮಾಲೀಕರಿಗೆ ರಜೆ ಕೊಡೋರು ಯಾರು?

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕೆಲಸದವರ ದುಡಿಮೆಯ ಗಂಟೆಗೆ ಮಿತಿ ಹಾಕಿದೆ, ವಾರದ ರಜೆಯನ್ನೂ ಕೊಟ್ಟಿದೆ. ಮಾಲೀಕನ ದೇಹ ಎಷ್ಟು ಗಂಟೆ ಗಲ್ಲಾದಲ್ಲಿ ಕೂರಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ. ಅದನ್ನು ಅವರೇ ಹೇಳಿಕೊಳ್ಳಬೇಕು.

ಇದರಲ್ಲಿ ಒಂದು ಸಮಾಧಾನದ ಸಂಗತಿ ಇದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು, ವಾರಕ್ಕೆರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಬೇಕು ಅನ್ನುವ ಹಳೇ ಷರತ್ತನ್ನು ಆಗಲೇ ಕೈಬಿಟ್ಟರು. ಹಾಗಾಗಿ ಬೆಳಗ್ಗೆ 20 ನಿಮಿಷ, ಗಿರಾಕಿ ಕಮ್ಮಿ ಇರೋ ಮಧ್ಯಾಹ್ನ ಒಂದಿಷ್ಟು, ಶಟರ್ ಇಳಿಸಿದ ಮೇಲೆ ಒಂದಿಷ್ಟು ನಡೆದರೂ ಲೆಕ್ಕಕ್ಕೆ ಬರುತ್ತೆ. ಆದರೆ ಆ 20 ನಿಮಿಷ ನಿಮ್ಮದೇ ಆಗಿರಬೇಕು.

ಕಾಯಂ ಗಿರಾಕಿಗಳಿಗೆ ಮೊದಲೇ ತಿಳಿಸಿ. ‘ಬೆಳಗ್ಗೆ 6ರಿಂದ 7 ಫೋನ್ ಎತ್ತಲ್ಲ, ವಾಟ್ಸಾಪ್ ಹಾಕಿ’ ಅಂತ ಅಂಗಡಿ ಬಾಗಿಲಿಗೆ ಒಂದು ಚೀಟಿ ಸಾಕು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಅಂಗಡಿ ಸಮಯ ಹಾಕಿಟ್ಟು, ನೀವಿಲ್ಲದ ಹೊತ್ತಲ್ಲಿ ತಾನೇ ಉತ್ತರ ಹೋಗುವ ಹಾಗೆ ಮಾಡಬಹುದು. ಬೋಣಿ ಹೊತ್ತು ತಪ್ಪಿದರೆ ವ್ಯಾಪಾರ ಪಕ್ಕದವರ ಪಾಲು ಅನ್ನೋ ಭಯ ಸುಳ್ಳಲ್ಲ. ಅದಕ್ಕೇ ವ್ಯಾಪಾರದ ಹೊತ್ತನ್ನು ಮುಟ್ಟದ ಗಂಟೆಯನ್ನೇ ಆರಿಸಿಕೊಳ್ಳಿ. ಹಾಲು, ಪೇಪರ್ ಮಾರುವವರು ಬೆಳಗ್ಗೆ ನಡೀತೀನಿ ಅಂದರೆ ಅದು ನಾಲ್ಕೇ ದಿನ. ಅವರಿಗೆ ಸಂಜೆಯೇ ಸರಿ. ಮೆಡಿಕಲ್ ಶಾಪ್‌ನವರದ್ದು ಬೇರೆ ಕಥೆ. ರಾತ್ರಿ ಬರೋ ಫೋನನ್ನು ಅವರು ತಳ್ಳಿಹಾಕೋದು ಕಷ್ಟ, ಮನೆಯವರ ಜೊತೆ ಪಾಳಿ ಹಾಕಿಕೊಳ್ಳಬೇಕು.

ಮೈದಾನದಲ್ಲೇ ಹಿಡಿದು ಉದ್ರಿ ಲೆಕ್ಕ ತೆಗೆಯುವವರೂ ಇದ್ದಾರೆ. ‘ಅಂಗಡಿಗೆ ಬನ್ನಿ, ಪುಸ್ತಕ ಅಲ್ಲೇ ಇದೆ’ ಅನ್ನಿ. ನಡಿಗೆ ನಿಲ್ಲಿಸಬೇಡಿ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ

ಗಂಡಸರಿಗೆ ಟೀ, ಗಿರಾಕಿ ಅಡ್ಡಿಯಾದರೆ ಹೆಣ್ಣುಮಕ್ಕಳಿಗೆ ಕಾಲಿಟ್ಟ ಕಡೆಯೆಲ್ಲ ಅಡ್ಡಿ. ಬೆಳಗ್ಗೆ ತಿಂಡಿ, ಟಿಫಿನ್ ಡಬ್ಬಿ, ನಲ್ಲಿ ನೀರು ಬಿಡುವ ಹೊತ್ತು. ಇದನ್ನೆಲ್ಲ ಮುಗಿಸಿಕೊಂಡು ಹೊರಟರೆ ‘ಮನೆ ಕೆಲಸ ಮಾಡಿದ್ರೆ ಸಾಲದಾ, ವಾಕಿಂಗ್ ಬೇರೆ’ ಅನ್ನೋ ಮಾತು. ‘ನೀವು ಹೊರಡಿ’ ಅಂತ ಅವರಿಗೆ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ಆ ಅರ್ಧ ಗಂಟೆ ಒಲೆ ಮುಂದೆ ನಿಲ್ಲೋರು ಯಾರು ಅನ್ನೋದು ತೀರ್ಮಾನ ಆಗಬೇಕು. ಉತ್ತರ ಮನೆಯ ಗಂಡಸರ ಹತ್ತಿರ ಇದೆ.

ಹಿಂದೆ ಬೀಳೋದು, ಕಮೆಂಟ್ ಹೊಡೆಯೋದು ಸಹಿಸಿಕೊಳ್ಳುವ ಸಂಗತಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹೆಣ್ಣುಮಕ್ಕಳು ಬೇಡ ಅಂದರೂ ಮತ್ತೆ ಮತ್ತೆ ಹಿಂಬಾಲಿಸುವುದನ್ನು, 79ನೇ ಕಲಂ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳನ್ನು ಅಪರಾಧ ಅನ್ನುತ್ತೆ. ತುರ್ತಿಗೆ 112ಕ್ಕೆ ಕರೆ ಮಾಡಿ. ಇಬ್ಬರು ಮೂವರು ಸೇರಿ ನಡೆಯೋದು ಸದ್ಯಕ್ಕೆ ಸುಲಭದ ದಾರಿ. ಆದರೆ ಮೈದಾನದ ಬೀದಿದೀಪ ಉರೀಬೇಕು ಅಂತ ಪುರಸಭೆಗೆ ಒಂದು ಅರ್ಜಿಯನ್ನೂ ಬರೀರಿ.

ಡಬ್ಬಿ ಮಾರುವವರು, ‘ಇನ್ನೊಂದು ರೌಂಡ್’ ಅನ್ನುವವರು

ಮೈದಾನದಲ್ಲೇ ತೂಕ ನೋಡಿ, ಅಲ್ಲೇ ಪೌಡರ್ ಡಬ್ಬಿ ಮಾರುವವರು ಹಲವು ಊರುಗಳಲ್ಲಿದ್ದಾರೆ. ಪರಿಚಯದವರೇ ಆಗಿರ್ತಾರೆ, ಬೇಡ ಅನ್ನೋಕೆ ಮುಜುಗರ. ಡಬ್ಬಿ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇದ್ದರೂ ಅದು ನಿಮ್ಮ ದೇಹಕ್ಕೆ ಒಗ್ಗುತ್ತೆ ಅನ್ನೋ ಗ್ಯಾರಂಟಿ ಅಲ್ಲ. ಬಿಪಿ, ಶುಗರ್, ಕಿಡ್ನಿಗೆ ಮಾತ್ರೆ ತಗೊಳ್ಳುವವರು ‘ನಮ್ಮ ಡಾಕ್ಟರನ್ನ ಕೇಳಿ ಹೇಳ್ತೀನಿ’ ಅಂದು ನಿಜವಾಗಿಯೂ ಕೇಳಿ.

ಗೆಳೆಯರ ಜೊತೆಗಿನ ಪೈಪೋಟಿಗೂ ಇದೇ ಮಾತು. ಚುರುಕಾದ ನಡಿಗೆ ಅಂದರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟೇ. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ತಣ್ಣನೆ ಬೆವರು ಕಂಡರೆ ‘ಇದೊಂದು ರೌಂಡ್ ಮುಗಿಸೋಣ’ ಅನ್ನಬೇಡಿ. ಅಲ್ಲೇ ಕೂತು ಸಹಾಯ ಕೇಳಿ, 108ಕ್ಕೆ ಫೋನ್ ಮಾಡಿಸಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ. ಶೂ ಕೊಳ್ಳುವ ಮುಂಚೆ ಅಲ್ಲಿಗೆ ಹೋಗಿ ಬನ್ನಿ.

ನಿಮ್ಮ ನಿಯಮ, ಮನೆಯವರ ಕೆಲಸ ಆಗಬಾರದು

ಇಲ್ಲೊಂದು ಎಚ್ಚರಿಕೆ ಬೇಕು. ವಾಕಿಂಗ್ ಶುರು ಮಾಡಿದ ಕೆಲವರು ಮನೆಯವರಿಗೆಲ್ಲ ಪಾಠ ಹೇಳೋಕೆ ಶುರು ಮಾಡ್ತಾರೆ. ತನಗೆ ಬೇರೆ ಅಡುಗೆ, ಮಕ್ಕಳಿಗೆ ಬೇರೆ ಅಂತ ಹೆಂಡತಿಗೆ ಎರಡು ಒಲೆ ಹಚ್ಚಿಸ್ತಾರೆ. ನಾನು ಏನು ತಿಂತೀನಿ, ಯಾವಾಗ ನಡೀತೀನಿ ಅನ್ನೋದು ನನ್ನ ಗಡಿ. ಪಕ್ಕದವರು ಏನು ತಿನ್ನಬೇಕು ಅನ್ನೋದು ಅಲ್ಲ. ಅನ್ನ ಒಂದು ಸೌಟು ಕಮ್ಮಿ, ಪಲ್ಯ ಒಂದು ಸೌಟು ಜಾಸ್ತಿ ಹಾಕಿಕೊಂಡರೆ ಅದೇ ಅಡುಗೆಯಲ್ಲೇ ಆಗುತ್ತೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದೊಳಗೆ ಅನ್ನೋದು ಹೇಗೂ ದೊಡ್ಡವರಿಗೆಲ್ಲ ಅನ್ವಯ. ಸಾರಿಗೇ ಕಮ್ಮಿ ಹಾಕಿದರೆ ಬೇರೆ ಪಾತ್ರೆ ಬೇಕಿಲ್ಲ.

ಹಾಗೇ, ಯಾವ ನಿಯಮವನ್ನು ಯಾವಾಗ ಮುರೀಬೇಕು ಅನ್ನೋದೂ ಗೊತ್ತಿರಲಿ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಜೋರಾಗಿ ನಡೆದರೆ ಶುಗರ್ ಏಕಾಏಕಿ ಇಳಿಯಬಹುದು. ಕೈ ನಡುಕ, ಬೆವರು, ಮಂಕು ಕವಿದ ಹಾಗಾದರೆ ‘ನಾನು ಸಕ್ಕರೆ ಬಿಟ್ಟಿದೀನಿ’ ಅನ್ನೋ ಹಟ ಬೇಡ. ಮೂರ್ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ತಕ್ಷಣ ನೀರಿಗೆ ಹಾಕಿ ಕುಡೀಬೇಕು. 15 ನಿಮಿಷಕ್ಕೂ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೊರಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಜೇಬಲ್ಲಿ ಒಂದು ಚಿಕ್ಕ ಪೊಟ್ಟಣ ಇಟ್ಟುಕೊಳ್ಳಿ, ಅದು ಯಾವ ಜೇಬಲ್ಲಿದೆ ಅಂತ ಜೊತೆಗೆ ನಡೆಯುವವರಿಗೂ ಹೇಳಿರಿ.