ದ್ರಾಕ್ಷಿ ಬೀಜದ ಗುಳಿಗಿ, ಅಪ್ಪನ ಔಷಧಿ ಚೀಟಿ

ಹೋದ ಸಲ ಕುಷ್ಟಗಿಗೆ ಹೋಗುವಾಗ ಅಪ್ಪನಿಗೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ದ್ರಾಕ್ಷಿ ಬೀಜದ ಕ್ಯಾಪ್ಸೂಲ್ ಒಯ್ದಿದ್ದೆ. ಅಪ್ಪ ನಕ್ಕರು: “ನಾವು ಬೆಳಿಯೋದು ಬೀಜ ಇಲ್ಲದ ದ್ರಾಕ್ಷಿ. ನನಗ್ಯಾಕೋ ಬೀಜದ ಗುಳಿಗಿ?”

ಮಾತು ಸರಿಯೇ. ಈ ಸಾರ ತೆಗೆಯೋದು ಹೆಚ್ಚಾಗಿ ವೈನ್ ಮಾಡಿ ಉಳಿದ ಬೀಜದಿಂದ. ಅದರಲ್ಲಿರುವ ಪ್ರೊಆಂಥೋಸಯನಿಡಿನ್ ಎಂಬ ಆಂಟಿಆಕ್ಸಿಡೆಂಟನ್ನು ಫ್ರಾನ್ಸಿನ ಜಾಕ್ ಮಾಸ್ಕೆಲಿಯೆ 1940ರ ದಶಕದಲ್ಲಿ ಬೇರ್ಪಡಿಸಿದ್ದು ಶೇಂಗಾದ ಕೆಂಪು ಸಿಪ್ಪೆಯಿಂದ. ಯಲಬುರ್ಗಾದ ನಮ್ಮ ಅತ್ತೆ ಶೇಂಗಾ ಹುರಿದು, ಉಜ್ಜಿ, ಮೊರದಲ್ಲಿ ಹಾರಿಸೋದು ಇಂಥದ್ದನ್ನೇ!

ಹಾಗಾದರೆ ಕೆಲಸ ಮಾಡುತ್ತಾ? ಕೆಲವು ಪ್ರಯೋಗಗಳಲ್ಲಿ ಬಿಪಿ ತುಸು ಇಳಿದಿದೆ, ಅಷ್ಟೇ. ಕ್ಯಾನ್ಸರ್ ತಡೆಯುತ್ತೆ ಅನ್ನೋದಕ್ಕೆ ದೃಢ ಪುರಾವೆ ಇಲ್ಲ. ಟೆಸ್ಟ್ ಟ್ಯೂಬಿನಲ್ಲಿ ನಡೆದದ್ದು ದೇಹದಲ್ಲೂ ನಡೆಯಬೇಕಂತಿಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಓಡಿದ ಕೋಡ್ ಸರ್ವರಲ್ಲಿ ಕ್ರ್ಯಾಶ್ ಆಗೋ ಹಾಗೆ.

ಆಮೇಲೆ ಅಪ್ಪನ ಔಷಧಿ ಚೀಟಿ ನೋಡಿದೆ. ಬರೀ ಬಿಪಿ ಗುಳಿಗಿ ಅಂದುಕೊಂಡಿದ್ದೆ. ರಕ್ತ ಹೆಪ್ಪುಗಟ್ಟದಿರಲು ಬರೆದ ವಾರ್ಫರಿನ್ ಕೂಡ ಇತ್ತು. ಅದರ ಜೊತೆ ಈ ಸಾರ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಡಬ್ಬಿಯ ಮುಂದೆ ದೊಡ್ಡ ಹೃದಯದ ಚಿತ್ರ, ಹಿಂದೆ ಸಣ್ಣಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’. ನಮ್ಮ ದೇಶದ ನಿಯಮದಲ್ಲಿ ಇದು ಆಹಾರ ಪೂರಕ ಮಾತ್ರ.

ನಿಮ್ಮ ಮನೆಯಲ್ಲೂ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತಗೊಳ್ಳೋರಿದ್ದರೆ, ಅಥವಾ ಆಪರೇಷನ್ ಹತ್ತಿರವಿದ್ದರೆ, ಡಾಕ್ಟರನ್ನು ಕೇಳದೆ ಇದನ್ನು ಕೊಡಬೇಡಿ. ಬಿಪಿ ಗುಳಿಗಿ ನಿಲ್ಲಿಸಿ ಇದನ್ನು ಶುರುಮಾಡೋದಂತೂ ಬೇಡವೇ ಬೇಡ.

ಡಬ್ಬಿ ನನ್ನ ಜೊತೆ ಬೆಂಗಳೂರಿಗೆ ವಾಪಸ್ ಬಂತು. ಅಪ್ಪ ಬೆಳಗಿನ ವಾಕಿಂಗ್ ತಪ್ಪಿಸಲ್ಲ. ಉಪ್ಪಿನಕಾಯಿ ಮಾತ್ರ ಬಿಡಿಸೋಕೆ ಆಗಿಲ್ಲ.