ಎಸ್‌ಎಸ್‌ಎಚ್ ಮೂಲಕ ಲಿನಕ್ಸ್ ವರ್ಚುವಲ್ ಮೆಷೀನ್ ಸಂಪರ್ಕ

ಸೆಕ್ಯೂರ್ ಶೆಲ್ ಅಥವಾ ಎಸ್‌ಎಸ್‌ಎಚ್ ಎಂಬುದು ಜಾಲದಲ್ಲಿರುವ ಬೇರೊಂದು ಗಣಕಕ್ಕೆ ದೂರದಿಂದಲೇ ಆದೇಶಗಳನ್ನು ಗೂಢಲಿಪಿಯಲ್ಲಿ ಕಳುಹಿಸಲು ನೆರವಾಗುವ ಸಂವಹನ ನಿಯಮಾವಳಿಯಾಗಿದೆ. ವರ್ಚುವಲ್ ಮೆಷೀನ್ ಎಂದರೆ ಒಂದು ಗಣಕದೊಳಗೆ ತಂತ್ರಾಂಶದಿಂದ ರೂಪಿಸಿದ ಮತ್ತೊಂದು ಗಣಕ. ಅದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದ್ದಾಗ, ಅದನ್ನು ದೂರದಿಂದ ನಿರ್ವಹಿಸಲು ಸಾಮಾನ್ಯವಾಗಿ ಎಸ್‌ಎಸ್‌ಎಚ್ ಬಳಸಲಾಗುತ್ತದೆ.

ಹಿನ್ನೆಲೆ

ಇದಕ್ಕೂ ಮೊದಲು ಬಳಕೆಯಲ್ಲಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಸಾಗುತ್ತಿತ್ತು. ಅಂಚೆ ಕಾರ್ಡಿನ ಒಕ್ಕಣೆಯಂತೆ ಅದನ್ನು ದಾರಿಯಲ್ಲಿ ಓದಬಹುದಾಗಿತ್ತು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆಯಿತು. ಅದರ ಪರಿಣಾಮವಾಗಿ ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯನ್ನು ರಚಿಸಿದರು. ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವಿನ 22ನೆಯ ಪೋರ್ಟ್ ಇದಕ್ಕೆ ಮೀಸಲಾಯಿತು. ಇಂದು ಲಿನಕ್ಸ್ ವಿತರಣೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಓಪನ್‌ಎಸ್‌ಎಸ್‌ಎಚ್, 1999ರಲ್ಲಿ ಓಪನ್‌ಬಿಎಸ್‌ಡಿ ಯೋಜನೆಯಿಂದ ಹೊರಬಂದದ್ದು.

ಸಿದ್ಧತೆ

ವರ್ಚುವಲ್ ಮೆಷೀನ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಚಾಲನೆಯಲ್ಲಿರಬೇಕು. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಇದನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕಾಗುತ್ತದೆ. ವರ್ಚುವಲ್‌ಬಾಕ್ಸ್ ಮೊದಲಿಗೆ ಒದಗಿಸುವ ನ್ಯಾಟ್ ವ್ಯವಸ್ಥೆಯಲ್ಲಿ ಒಳಗಿನ ಯಂತ್ರವು ಹೊರಜಾಲವನ್ನು ತಲುಪಬಲ್ಲದಾದರೂ ಹೊರಗಿನಿಂದ ಅದನ್ನು ನೇರವಾಗಿ ತಲುಪಲಾಗದು. ಹೊಸಬರ ಪ್ರಯತ್ನ ನಿಂತುಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಆತಿಥೇಯ ಗಣಕದ 2222ನೆಯ ಪೋರ್ಟಿಗೆ ಬಂದುದನ್ನು ಒಳಗಿನ ಯಂತ್ರದ 22ಕ್ಕೆ ರವಾನಿಸುವಂತೆ ಸೂಚಿಸಿದರೆ ತೊಡಕು ನೀಗುತ್ತದೆ. ಆಗ ಆತಿಥೇಯ ಗಣಕದಿಂದ 127.0.0.1 ಎಂಬ ವಿಳಾಸವನ್ನೂ 2222 ಎಂಬ ಪೋರ್ಟನ್ನೂ ನೀಡಿ ಸಂಪರ್ಕಿಸಬಹುದು. ಎಸ್‌ಎಸ್‌ಎಚ್ ಆದೇಶದಲ್ಲಿ ಬಳಕೆದಾರರ ಹೆಸರು ಮೊದಲು, ನಂತರ @ ಚಿಹ್ನೆ, ಆಮೇಲೆ ವಿಳಾಸ ಬರುತ್ತವೆ.

ಮೊದಲ ಸಂಪರ್ಕ ಮತ್ತು ಬೆರಳಚ್ಚು

ಮೊದಲ ಬಾರಿ ಸಂಪರ್ಕಿಸಿದಾಗ, ಈ ಯಂತ್ರದ ನೈಜತೆಯನ್ನು ಖಚಿತಪಡಿಸಿಕೊಳ್ಳಲಾಗಲಿಲ್ಲ, ಮುಂದುವರಿಯಬೇಕೆ ಎಂಬ ಪ್ರಶ್ನೆ ಮೂಡುತ್ತದೆ. ಜೊತೆಗೆ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲೊಂದು ಕಾಣುತ್ತದೆ. ಇದು ಆ ಯಂತ್ರದ ಕೀಲಿಯ ಬೆರಳಚ್ಚು. ಇದನ್ನು ಓದದೆಯೇ ಒಪ್ಪಿಗೆ ಒತ್ತುವುದು ವಾಡಿಕೆಯಾಗಿದೆ. ಇದು ಸರಿಯಾದ ವಾಡಿಕೆಯಲ್ಲ. ಗೂಢಲಿಪಿಯಿದ್ದ ಮಾತ್ರಕ್ಕೆ ಸುರಕ್ಷತೆ ಪೂರ್ಣವಾಗದು, ವಂಚಕನೊಡನೆಯೂ ಗುಟ್ಟಾಗಿ ಮಾತನಾಡಲು ಸಾಧ್ಯವಿದೆಯಷ್ಟೆ. ನಡುವೆ ನಿಂತ ಯಂತ್ರವೊಂದು ತಾನೇ ಸರ್ವರ್ ಎಂದು ನಟಿಸಿದರೆ ಪಾಸ್‌ವರ್ಡ್ ನೇರವಾಗಿ ಅದರ ಕೈಸೇರುತ್ತದೆ.

ತನ್ನದೇ ಗಣಕದಲ್ಲಿ ವರ್ಚುವಲ್ ಮೆಷೀನ್ ಇರಿಸಿಕೊಂಡವರಿಗೆ ಪರಿಶೀಲನೆ ಸುಲಭ. ಅದರ ಪರದೆಯನ್ನೇ ತೆರೆದು, ಅಲ್ಲಿ ಕೀಲಿಯ ಬೆರಳಚ್ಚನ್ನು ನೋಡಿ, ಎರಡನ್ನೂ ಹೋಲಿಸಬಹುದು. ಒಮ್ಮೆ ಒಪ್ಪಿದ ಕೀಲಿಯನ್ನು ಗಣಕ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಕೀಲಿ ಬದಲಾದರೆ ಎಚ್ಚರಿಕೆ ನೀಡಿ, ಸಂಪರ್ಕವನ್ನು ನಿರಾಕರಿಸುತ್ತದೆ. ಯಂತ್ರವನ್ನು ಅಳಿಸಿ ಅದೇ ವಿಳಾಸದಲ್ಲಿ ಹೊಸತನ್ನು ಸ್ಥಾಪಿಸಿದಾಗಲೂ ಹೀಗಾಗುವುದುಂಟು. ಅಂತಹ ಕಾರಣವಿದೆಯೆಂದು ತಿಳಿದ ಮೇಲೆಯೇ ಹಳೆಯ ದಾಖಲೆಯನ್ನು ತೆಗೆಯಬೇಕು. ಇದಕ್ಕೆ ತದ್ವಿರುದ್ಧವಾಗಿ, ಒಂದು ಯಂತ್ರದ ನಕಲು ಮಾಡಿದಾಗ ಕೀಲಿಯೂ ನಕಲಾಗಿ, ಎರಡು ಯಂತ್ರಗಳಿಗೆ ಒಂದೇ ಬೆರಳಚ್ಚು ಬರುತ್ತದೆ. ನಕಲಿನಲ್ಲಿ ಹೊಸ ಕೀಲಿಗಳನ್ನು ಸೃಷ್ಟಿಸುವುದು ಅಗತ್ಯ.

ಕೀಲಿಜೋಡಿ

ಬಳಕೆದಾರರೂ ಪಾಸ್‌ವರ್ಡ್‌ಗೆ ಬದಲಾಗಿ ಕೀಲಿಜೋಡಿಯನ್ನು ಬಳಸಬಹುದು. ಸಾರ್ವಜನಿಕ ಕೀಲಿಯನ್ನು ಲಿನಕ್ಸ್ ಯಂತ್ರದಲ್ಲಿ ಇರಿಸಲಾಗುತ್ತದೆ. ಖಾಸಗಿ ಕೀಲಿ ಬಳಕೆದಾರರ ಗಣಕವನ್ನು ಬಿಟ್ಟು ಹೋಗುವುದಿಲ್ಲ. ಲಿನಕ್ಸ್ ಗಣಕದಲ್ಲಿ ಖಾಸಗಿ ಕೀಲಿಯ ಕಡತವನ್ನು ಇತರರೂ ಓದುವಂತಿದ್ದರೆ ಓಪನ್‌ಎಸ್‌ಎಸ್‌ಎಚ್ ಅದನ್ನು ಬಳಸಲು ಒಪ್ಪುವುದಿಲ್ಲ.